ಗೂಡಿನ ಬಾಗಿಲಿಗೆ ಈಗೆಷ್ಟು ಗಂಟೆ?

ತನ್ನ ಹುಂಜ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿ, ಊರವರ ಮೇಲೆ ಮುನಿಸಿಕೊಂಡು, ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಕಾಡಿಗೆ ಹೋದ ಅಜ್ಜಿಯ ಕಥೆಗೆ ನಾವೆಲ್ಲ ನಕ್ಕವರೇ. ಇಂಗ್ಲೆಂಡಿನಲ್ಲಿ ಅಜ್ಜಿಯ ವಾದವನ್ನೇ ಪಾರ್ಲಿಮೆಂಟು ಕಾಯ್ದೆ ಮಾಡಿಕೊಂಡಿದೆ. ಬೇಸಿಗೆಯ ಬೆಳಕು ಬಾಗಿಲಿಗೆ ಬಂದರೂ ಜನ ಪರದೆ ಎಳೆದುಕೊಂಡು ಮಲಗಿರುತ್ತಾರಲ್ಲ ಎಂದು ವಿಲಿಯಂ ವಿಲೆಟ್ ಎಂಬ ಮನೆ ಕಟ್ಟುವ ಗುತ್ತಿಗೆದಾರ ಹೊಟ್ಟೆ ಉರಿದುಕೊಂಡು, ಗಡಿಯಾರ ಮುಂದೆ ತಿರುಗಿಸಿರೆಂದು 1907ರಲ್ಲಿ ಒಂದು ಕಿರುಹೊತ್ತಿಗೆ ಬರೆದ. 1915ರಲ್ಲಿ ತೀರಿಕೊಂಡ. ಜರ್ಮನಿ ತಮಗಿಂತ ಮೂರು ವಾರ ಮೊದಲೇ ಗಡಿಯಾರ ತಿರುಗಿಸಿತೆಂದು ಗೊತ್ತಾದ ಮೇಲೆ, 1916ರ ಮೇ 21ರಂದು ಬ್ರಿಟಿಷರೂ ತಿರುಗಿಸಿದರು. ಅಂದಿನಿಂದ ಈ ದೇಶ ಹೆಚ್ಚುಕಡಿಮೆ ತಿರುಗಿಸುತ್ತಲೇ ಇದೆ. ಈಗಿನ ನಿಯಮದಂತೆ ಮಾರ್ಚ್ ಕೊನೆಯ ಭಾನುವಾರ ಒಂದು ತಾಸು ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ತಾಸು ಹಿಂದೆ. ಇದರ ನಡುವೆ ಸಿಕ್ಕಿಕೊಂಡವರು ನಮ್ಮ ಹಿತ್ತಿಲಿನ ಚೆನ್ನಮ್ಮ, ಓಬವ್ವ ಮತ್ತು ಮಲ್ಲಮ್ಮ.

ಹೆಸರಿಟ್ಟವಳು ಮಗಳು. ಕೋಳಿ ತಂದವರು ನಮ್ಮ ಮನೆಯವರು. ಕನಕಗಿರಿಯಲ್ಲಿ ಹುಟ್ಟಿ, ಗಂಗಾವತಿಯಲ್ಲಿ ಓದಿ, ರೆಡಿಂಗ್‌ನಲ್ಲಿ ಸಾಫ್ಟ್‌ವೇರ್ ಬರೆಯುವವರು. ಇಲ್ಲಿ ಊರೊಳಗಿನ ಹಿತ್ತಿಲಿಗೂ ರಾತ್ರಿ ನರಿ ಬರುತ್ತದೆ. ಹಾಗಾಗಿ ಗೂಡಿಗೆ ತಾನೇ ತೆರೆದು ತಾನೇ ಮುಚ್ಚುವ ಬಾಗಿಲು ಬಂತು. ಒಂದು ಸಣ್ಣ ಮೋಟಾರು, ತೆಳ್ಳನೆಯ ದಾರ, ಮೇಲೆ ಕೆಳಗೆ ಜಾರುವ ತಗಡು, ಅಷ್ಟೇ. ಅದಕ್ಕೆ ಗಡಿಯಾರವನ್ನೂ ಜೋಡಿಸಬಹುದು, ಬೆಳಕು ನೋಡುವ ಕಣ್ಣನ್ನೂ ಜೋಡಿಸಬಹುದು. ಇಂಜಿನಿಯರ್ ಮನೆಯಲ್ಲಿ ಗಡಿಯಾರವೇ ಗೆದ್ದಿತು.

2024ರ ಮಾರ್ಚ್‌ನಲ್ಲಿ ಅತ್ತೆ ಬಂದರು. ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುವ ಊರಿನವರು. ಅಂಥ ಕಣ್ಣಿಗೆ ಈ ಬಾಗಿಲು ಹಿಡಿಸಲಿಲ್ಲ. "ಹೊತ್ತ ಮುಣುಗೂದ್ರಾಗ ಒಂದು ಬುಟ್ಟಿ ಡಬ್ಬ ಹಾಕಿದ್ರ ಮುಗೀತು. ಕೋಳಿಗೂ ಕರೆಂಟಿನ ಬಾಗಲೇನ?" ಹುಂಜ ಇಲ್ಲದ್ದಂತೂ ಅವರಿಗೆ ದೊಡ್ಡ ಕೊರತೆ. ಕೂಗಿದರೆ ಪಕ್ಕದವರು ಕೌನ್ಸಿಲ್‌ಗೆ ದೂರು ಕೊಡುತ್ತಾರೆ ಎಂದೆ. "ಕೂಗಲಿಲ್ಲಂದ್ರ ಅದು ಹುಂಜ ಹೆಂಗಾಕ್ಕೈತಿ?" ಎಂದರು.

ಮಾರ್ಚ್ 31, ಈಸ್ಟರ್ ಭಾನುವಾರ. ಸಮಯಪ್ರಜ್ಞೆ ಜಾಸ್ತಿಯಿರುವ ಮನೆಯವರು ಬೆಳಿಗ್ಗೆ ಎದ್ದವರೇ ಗೋಡೆ ಗಡಿಯಾರ, ಓವನ್, ಕಾರು ಎಲ್ಲವನ್ನೂ ಒಂದು ತಾಸು ಮುಂದಿಟ್ಟರು. ಅದೇ ಹುರುಪಿನಲ್ಲಿ ಗೂಡಿನ ಬಾಗಿಲನ್ನೂ. ಲೋಕದಲ್ಲಿ ಮುಟ್ಟಬಾರದ ಗಡಿಯಾರ ಅದೊಂದೇ ಇತ್ತು. ಸಂಜೆ 7ಕ್ಕೆ ತಗಡು ಸರ್ರನೆ ಕೆಳಗಿಳಿಯಿತು. ಸೂರ್ಯ ಮುಳುಗುವುದಕ್ಕೆ ಇನ್ನೂ ಅರ್ಧ ತಾಸು. ಕೋಳಿಗಳು ಬೇಲಿಯ ಬುಡ ಕೆದರುತ್ತಿದ್ದವು. ಕತ್ತಲಾಗುತ್ತಿದ್ದಂತೆ ಮೂವರು ವೀರ ವನಿತೆಯರೂ ಬಂದು ಮುಚ್ಚಿದ ಬಾಗಿಲ ಮುಂದೆ ಸಾಲಾಗಿ ನಿಂತರು. ಓಬವ್ವ ತಗಡಿಗೆ ಎರಡೇಟು ಕುಕ್ಕಿ ಹಿಂದೆ ಸರಿದಳು. ಅತ್ತೆ ಶಾಲು ಹೊದ್ದು ಅಂಗಳಕ್ಕೆ ಬಂದರು.

"ಲೇ ತಮ್ಮಾ, ಬಾಗಲ ಯಾಕ ಹಾಕ್ಕೊಂಡೈತಿ?"

"ಟೈಮ್ ಚೇಂಜ್ ಆಗೇತವ್ವಾ."

"ಯಾರು ಮಾಡಿದ್ರು?"

"ಸರ್ಕಾರ."

"ಕೋಳಿಗೆ ಹೇಳಿದ್ರೇನು?"

ಮರುದಿನವೇ ಬಾಗಿಲಿಗೆ ಬೆಳಕಿನ ಕಣ್ಣು ಬಂತು. ಬೇಸಿಗೆ ಸುಸೂತ್ರವಾಗಿ ಕಳೆಯಿತು, ಕೋಳಿಗಳ ಮಟ್ಟಿಗೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಕೋಳಿಯೇ ಮಲಗಿಲ್ಲ, ನಾನ್ಯಾಕೆ ಮಲಗಲಿ ಎಂಬ ಮಗಳ ಪ್ರಶ್ನೆಗೆ ಉತ್ತರ ಯಾವ ಪಾರ್ಲಿಮೆಂಟಿನಲ್ಲೂ ಇಲ್ಲ. ಕನಕಗಿರಿಯಲ್ಲಾದರೆ ವರ್ಷವಿಡೀ ಸೂರ್ಯೋದಯ ಸುಮಾರು ಒಂದು ತಾಸಷ್ಟೇ ಆಚೀಚೆ ಆಗುತ್ತದೆ.

ಅತ್ತೆಯ ಜಗಳ ಆಗ ಬೇರೆ ದಿಕ್ಕಿಗೆ ಹೊರಳಿತ್ತು. ಉಳಿದ ಜೋಳದ ರೊಟ್ಟಿ ಮುರಿದು ಕೋಳಿಗೆ ಹಾಕಲು ಹೊರಟವರನ್ನು ತಡೆದೆ. ಅಡುಗೆಮನೆ ದಾಟಿ ಬಂದ ಯಾವುದನ್ನೂ ಇಲ್ಲಿ ಕೋಳಿಗೆ ಹಾಕುವಂತಿಲ್ಲ, ಕಾನೂನು. ಪೂರ್ತಿ ವೀಗನ್ ಮನೆಗಷ್ಟೇ ವಿನಾಯಿತಿ. ಮೊಸರು ತುಪ್ಪದ ನಮ್ಮ ಮನೆ ಅದರಲ್ಲಿ ಪಾಸಾಗುವುದಿಲ್ಲ. "ರೊಟ್ಟಿ ಹಾಕಿದ್ರ ಜೇಲಾ? ಯವ್ವಾ, ಈ ಊರಾಗ ಕೋಳಿಯಾಗೂದೂ ಕಷ್ಟ ಐತಿ." ಅವರು ಊರಿಗೆ ಮರಳಿದ ಮೇಲೆ, ಅಕ್ಟೋಬರ್ 1ರಿಂದ, ಒಂದೇ ಒಂದು ಕೋಳಿ ಸಾಕಿದರೂ ಸರ್ಕಾರದಲ್ಲಿ ನೋಂದಾಯಿಸಬೇಕೆಂಬ ನಿಯಮ ಬಂತು. ಫೋನಿನಲ್ಲಿ ಹೇಳಿದೆ. ರೇಷನ್ ಎಷ್ಟು ಕೊಡ್ತಾರ ಎಂದು ಕೇಳಿದರು.

ಅತ್ತೆ ಫೋನ್ ಮಾಡುವುದು ತಮ್ಮ ರಾತ್ರಿ 9ಕ್ಕೆ. ನಮಗದು ಸಂಜೆ ನಾಲ್ಕೂವರೆ, ಚಹಾದ ಹೊತ್ತು. ಅಕ್ಟೋಬರ್ 27ರ ಮೇಲೆ ಅದೇ ಕರೆ ಮೂರೂವರೆಗೆ, ನಾನು ಶಾಲೆಯ ಗೇಟಿನಲ್ಲಿ ಮಗಳ ಬ್ಯಾಗು, ಕೋಟು, ಒದ್ದೆ ಚಿತ್ರ ಹಿಡಿದು ನಿಂತಾಗ. "ನಾ ಹೊತ್ತಿಗೇ ಮಾಡೀನಿ, ನಿಮ್ಮೂರೇ ಸರದೈತಿ." ಅವರ ಮಗ ಸುಮ್ಮನಿರಲಿಲ್ಲ. ಭಾರತದ ಗಡಿಯಾರ ನಡೆಯುವುದು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖೆಯ ಲೆಕ್ಕಕ್ಕೆ, ಕನಕಗಿರಿ ಅದರಿಂದ ಆರು ಡಿಗ್ರಿ ಪಶ್ಚಿಮಕ್ಕಿದೆ, ಆದ್ದರಿಂದ ನಿನ್ನ ಗಡಿಯಾರವೂ ನಿನ್ನ ಸೂರ್ಯನಿಗಿಂತ ಸುಮಾರು 24 ನಿಮಿಷ ಮುಂದಿದೆ ಎಂದು ವಿವರಿಸಿದರು. "ಇಪ್ಪತ್ನಾಕು ನಿಮಿಷ ಅಂದ್ರ ಒಂದ್ ಚಾ ಕುಡಿಯೂ ಹೊತ್ತು. ಅದನ್ನೂ ಲೆಕ್ಕ ಹಿಡೀತೀಯೇನ್ಲೇ?"

ಅದೇ ವಾರ ದೀಪಾವಳಿ. ಹಿತ್ತಿಲಿಗೆ ಸೀರಿಯಲ್ ಲೈಟಿನ ಸರ ಬಿಟ್ಟೆವು. ಗೂಡಿನ ಕಣ್ಣಿಗೆ ಅದೂ ಬೆಳಕೇ. ಗೂಡಿನೊಳಗೆ ಕೋಳಿಗಳು ಕಣ್ಣು ಮುಚ್ಚಿ ತೂಕಡಿಸುತ್ತಿದ್ದರೂ ಬಾಗಿಲು ಮಾತ್ರ ರಾತ್ರಿ ಹತ್ತಾದರೂ ತೆರೆದೇ ಇತ್ತು. ಲಕ್ಷ್ಮಿ ಬರಲಿ ಎಂದು ಇಟ್ಟ ದೀಪಕ್ಕೆ ನರಿ ಬರುವುದು ಬೇಡವೆಂದು ರೇಷ್ಮೆ ಸೀರೆಯಲ್ಲೇ ಹೋಗಿ ಕೈಯಿಂದ ಮುಚ್ಚಿ ಬಂದೆ.

ಮನೆಯವರು ಇನ್ನೊಂದು ಬಾಗಿಲು ತರಿಸಿದರು. ಇದಕ್ಕೆ ಗಡಿಯಾರವೂ ಬೇಡ, ಬೆಳಕೂ ಬೇಡ. ಊರು ಯಾವುದೆಂದು ಫೋನಿನಲ್ಲಿ ಒತ್ತಿದರೆ ಅಲ್ಲಿಯ ಸೂರ್ಯೋದಯ, ಸೂರ್ಯಾಸ್ತವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಒತ್ತುವ ಗೌರವ ಮಗಳಿಗೆ ಸಿಕ್ಕಿತು. ಮರುದಿನ ಮಧ್ಯಾಹ್ನ, ನೆತ್ತಿಯ ಮೇಲೆ ಬಿಸಿಲಿರುವಾಗ, ಹನ್ನೆರಡೂವರೆಯೊಳಗೆ ತಗಡು ಇಳಿಯಿತು. ದಾಖಲೆ ನೋಡಿದರೆ ತೆರೆದದ್ದು ನಡುರಾತ್ರಿ 12.50ಕ್ಕೆ. ಪುಣ್ಯಕ್ಕೆ ನರಿಗೆ ಸುದ್ದಿ ಮುಟ್ಟಿರಲಿಲ್ಲ.

ಯಾವ ಊರು ಹಾಕಿದ್ದೆ ಎಂದು ಅಪ್ಪ ಕೇಳಿದರು. "ಕನಕಗಿರಿ" ಎಂದಳು ಮಗಳು. ನಿನ್ನ ಊರು ಯಾವುದು ಎಂದು ಯಾರು ಕೇಳಿದರೂ ಹಾಗೇ ಹೇಳಬೇಕೆಂದು ಮೂರು ವರ್ಷದವಳಿದ್ದಾಗಿನಿಂದ ಕಲಿಸಿದವರು ಅವರೇ. ನಾನು ಆಚೆ ತಿರುಗಿ ನಕ್ಕು, ಅತ್ತೆಗೆ ವಿಡಿಯೊ ಕಾಲ್ ಮಾಡಿ, ಮುಚ್ಚಿದ ತಗಡಿನ ಮುಂದೆ ನಿಂತ ಮಲ್ಲಮ್ಮನನ್ನು ತೋರಿಸಿದೆ. ಅವರು ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದರು.

"ಇಲ್ಲೆ ಬರೋಬ್ಬರಿ ಹೊತ್ತ ಮುಣುಗಾಕತ್ತೈತಿ. ಬಾಗಲ ಸರಿ ಐತಿ, ಮುಟ್ಟಬ್ಯಾಡ್ರಿ. ಕೋಳಿಗೇ ತಿಳಿವಲ್ದು."