ಮಂಗಳನಿಗೆ ಕಡಲೇಕಾಯಿ

2021ರ ಫೆಬ್ರವರಿ 19 ರಥಸಪ್ತಮಿ. ಅಮ್ಮ ಹಿಂದಿನ ಸಂಜೆಯೇ ಎಕ್ಕದ ಎಲೆ ಕಿತ್ತು ತಂದು, ತಲೆಗೆ ಏಳರಂತೆ ಎಣಿಸಿ ಬಚ್ಚಲಿನ ಗೂಡಿನಲ್ಲಿಟ್ಟಿದ್ದಳು. "ಬೇಗ ಮಲಕ್ಕೋ, ಸೂರ್ಯ ಹುಟ್ಟೋದರೊಳಗೆ ಸ್ನಾನ ಆಗಬೇಕು" ಎಂದಳು.

"ನಾನು ಮಲಗಲ್ಲಮ್ಮ. ರಾತ್ರಿ ಎರಡೂ ಇಪ್ಪತ್ತೈದಕ್ಕೆ ಮಂಗಳನ ಮೇಲೆ ಗಾಡಿ ಇಳಿಯುತ್ತೆ."

"ಇಳಿದರೆ ಇಳೀಲಿ. ನೀನೇನು ಅದರ ಕ್ಲೀನರ್ರಾ, ಹಿಂದೆ ನಿಂತು 'ಬರ್ಲಿ, ಬರ್ಲಿ, ರೈಟ್' ಅನ್ನೋಕೆ?"

ಪ್ರಶ್ನೆ ನ್ಯಾಯವಾದದ್ದೇ. ಮಿಕ್ಸಿ ಕೆಟ್ಟರೆ ಎರಡು ಸಲ ತಟ್ಟಿ ನೋಡುವುದರಾಚೆಗೆ ನನ್ನ ತಾಂತ್ರಿಕ ಜ್ಞಾನ ದಾಟಿದ್ದಿಲ್ಲ. ಆದರೆ ಪರ್ಸಿವಿಯರೆನ್ಸ್ ಎಂಬ ಆ ಗಾಡಿಯಲ್ಲಿ ನನ್ನ ಹೆಸರಿತ್ತು. ಕೇಳಿಕೊಂಡವರ ಹೆಸರನ್ನೆಲ್ಲ ನಾಸಾದವರು ಉಗುರಿನಷ್ಟು ಅಗಲದ ಮೂರು ಚಿಪ್‌ಗಳ ಮೇಲೆ ಕೊರೆದು ಕಳಿಸಿದ್ದರು. ಒಟ್ಟು 1,09,32,295 ಹೆಸರು, ಅದರಲ್ಲಿ ಆ ಕೊನೆಯ ಐದು ನಾನೇ ಅಂತಿಟ್ಟುಕೊಳ್ಳಿ. ನನ್ನ ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರೂ ನನ್ನ ಹೆಸರೂ ಅದಲುಬದಲಾಗಿ, ದಾಖಲೆಯ ಪ್ರಕಾರ ನಾನು ನಮ್ಮಪ್ಪನ ಅಪ್ಪ. ಅದು ಐದು ವರ್ಷದಿಂದ ತಿದ್ದುಪಡಿಯಾಗಿಲ್ಲ. ನಾಸಾ ಕೊಟ್ಟ ಮಂಗಳನ ಬೋರ್ಡಿಂಗ್ ಪಾಸಿನಲ್ಲಿ ಮಾತ್ರ ಇನಿಷಿಯಲ್ಲೂ ಸರಿಯಾಗಿತ್ತು.

ಈ ವಿಷಯ ಹೇಳಿದ್ದೇ ತಪ್ಪಾಯಿತು. ಅಕ್ಕನ ಜಾತಕದ ಕುಜದೋಷದಿಂದಾಗಿ ಮೂರು ವರ್ಷ ಗಂಡು ಹುಡುಕಿ ಸವೆದವಳು ಅಮ್ಮ. "ಆ ಮಂಗಳನ ಕಣ್ಣು ತಪ್ಪಿಸೋಕೆ ಜನ ಶಾಂತಿ ಮಾಡಿಸ್ತಾರೆ. ನೀನು ಹೆಸರು ಬರೆದು ಅವನ ಮನೆಗೇ ಕಳಿಸಿದೀಯಲ್ಲೋ!" ಎಂದು ಹಣೆ ಚಚ್ಚಿಕೊಂಡು ಮಲಗಿದಳು.

ಎರಡು ಗಂಟೆಗೆ ನಾನು ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಕೂತವನು ಕದಲಲಿಲ್ಲ. ಅದಕ್ಕೊಂದು ಕಾರಣವಿದೆ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ್ ಚಂದ್ರನ ನೆಲಕ್ಕೆ ಇನ್ನು ಎರಡು ಕಿಲೋಮೀಟರ್ ಇದೆ ಎನ್ನುವಾಗ ನಾನು ನೀರು ಕುಡಿಯಲು ಎದ್ದಿದ್ದೆ. ವಾಪಸ್ ಬರುವಷ್ಟರಲ್ಲಿ ಪೀಣ್ಯದ ಇಸ್ರೋ ಕೇಂದ್ರದಲ್ಲಿ ಎಲ್ಲರ ಮುಖ ಬಾಡಿತ್ತು. ಆಮೇಲೆ ವಿಜ್ಞಾನಿಗಳು ಏನೇನೋ ಕಾರಣ ಕಂಡುಹಿಡಿದರು. ಅವರಿಗೆ ನನ್ನ ನೀರಿನ ವಿಷಯ ತಿಳಿಯದು.

ಈ ಸಲ ಗಾಡಿ ಗಂಟೆಗೆ ಸುಮಾರು 19,500 ಕಿಲೋಮೀಟರ್ ವೇಗದಲ್ಲಿ ನುಗ್ಗಿ, ಏಳು ನಿಮಿಷದಲ್ಲಿ ಇರುವೆ ನಡಿಗೆಗೆ ಬರಬೇಕಿತ್ತು. ಮೊದಲು ಕವಚ, ಆಮೇಲೆ ಪ್ಯಾರಾಚೂಟ್, ಆಮೇಲೆ ರಾಕೆಟ್ಟು. ಕಟ್ಟಕಡೆಗೆ ಬಾವಿಗೆ ಕೊಡ ಬಿಟ್ಟಂತೆ 1,025 ಕಿಲೋ ತೂಕದ ಆ ಗಾಡಿಯನ್ನು ಹಗ್ಗದಲ್ಲಿ ಜೆಝೆರೋ ಕುಳಿಗೆ ಇಳಿಬಿಟ್ಟು, ಹಗ್ಗ ಕತ್ತರಿಸಿ, ಇಳಿಸಿದ ಯಂತ್ರ ತಾನು ದೂರ ಹೋಗಿ ಬಿದ್ದು ಪ್ರಾಣ ಬಿಡಬೇಕು. ಕರ್ಣನಾದರೂ ಇಷ್ಟು ಮಾಡುತ್ತಿದ್ದನೋ ಇಲ್ಲವೋ.

ತಮಾಷೆಯೆಂದರೆ ಅಲ್ಲಿಂದ ಸುದ್ದಿ ಬರಲು ಹನ್ನೊಂದು ನಿಮಿಷ ಚಿಲ್ಲರೆ ಬೇಕು. ನಮ್ಮ ಪರದೆಯ ಮೇಲೆ ಏಳು ನಿಮಿಷದ ಎದೆಬಡಿತ ಶುರುವಾಗುವ ಹೊತ್ತಿಗೆ ಅಲ್ಲಿ ಗಾಡಿ ನೆಲ ಮುಟ್ಟಿ ನಾಲ್ಕು ನಿಮಿಷವಾಗಿರುತ್ತದೆ, ಇಡಿಯಾಗಿಯೋ ಪುಡಿಯಾಗಿಯೋ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಶಾಲೆಯ ಬೋರ್ಡಿಗೆ ಹಚ್ಚಿಯಾದ ಮೇಲೆ ಆಂಜನೇಯನ ಗುಡಿ ಸುತ್ತಿದವನು ನಾನು. ಗಣಿತ ಪಾಸಾಗಿತ್ತು. ಆದ್ದರಿಂದ ಈಗಲೂ ಜೋಮು ಹಿಡಿದ ಕಾಲನ್ನು ಕದಲಿಸಲಿಲ್ಲ.

ನನ್ನನ್ನು ನೋಡಿ ನಗುವವರು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಕಡೆ ಸ್ವಲ್ಪ ನೋಡಬೇಕು. ಚಂದ್ರನಿಗಾಗಿ ಅವರು ಹಾಕಿಕೊಂಡ ಯೋಜನೆಯ ಮೊದಲ ಆರು ರೇಂಜರ್ ನೌಕೆಗಳು ಒಂದರ ಹಿಂದೊಂದು ಕೈಕೊಟ್ಟವು. 1964ರಲ್ಲಿ ಏಳನೆಯದು ಹೋಗುವಾಗ ಯಾರೋ ಕಡಲೇಕಾಯಿ ಹಂಚಿದರು, ನೌಕೆ ಗೆದ್ದಿತು. ಅಂದಿನಿಂದ ಅಲ್ಲಿ ಕಡಲೇಕಾಯಿ ಇಲ್ಲದೆ ಯಾವುದೂ ಎಲ್ಲಿಗೂ ಇಳಿಯುವುದಿಲ್ಲ. ಬೆಳೆ ಮೇಯುವ ಬಸವನಿಗೆ ಮೊದಲ ಫಸಲು ಒಪ್ಪಿಸಿ ಬಸವನಗುಡಿಯಲ್ಲಿ ಪರಿಷೆ ಮಾಡುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ನಾನೂ ಒಂದು ಬಟ್ಟಲು ಹುರಿದು ಪಕ್ಕದಲ್ಲಿಟ್ಟುಕೊಂಡಿದ್ದೆ.

ಇಳಿಯಿತು. ನಾನು ಹೊಡೆದ ಚಪ್ಪಾಳೆಗೆ ಅಮ್ಮ ಎದ್ದು ಬಂದಳು. ಪರದೆಯಲ್ಲಿ ಸುದ್ದಿ ಹೇಳುತ್ತಿದ್ದ ಹೆಣ್ಣುಮಗಳ ಹಣೆಯಲ್ಲಿ ಬಿಂದಿ.

"ಯಾರೋ ಇವಳು?"

"ಸ್ವಾತಿ ಮೋಹನ್ ಅಂತ. ಬೆಂಗಳೂರಲ್ಲೇ ಹುಟ್ಟಿದ್ದು." ಒಂದು ವರ್ಷದ ಕೂಸಾಗಿದ್ದಾಗಲೇ ಅಮೆರಿಕಕ್ಕೆ ಹೋದರು ಎನ್ನುವುದನ್ನು ನಾನು ನುಂಗಿಕೊಂಡೆ. ಅರ್ಧರಾತ್ರಿಯ ಹೆಮ್ಮೆಯನ್ನು ಯಾಕೆ ಕಡಿಮೆ ಮಾಡಿಕೊಳ್ಳಬೇಕು?

ಆಮೇಲೆ ಮೊದಲ ಚಿತ್ರ ಬಂತು: ಧೂಳು ಮೆತ್ತಿದ, ಮಸುಕಾದ ಕಪ್ಪುಬಿಳುಪು ನೆಲ, ಅಲ್ಲಲ್ಲಿ ಕಲ್ಲು. ಅಮ್ಮ ಕನ್ನಡಕ ಏರಿಸಿ ನೋಡಿದಳು. "ಇದಕ್ಕೆ ಅಷ್ಟು ದೂರ ಹೋದರಾ? ಚಳ್ಳಕೆರೆಯಲ್ಲಿ ನಮ್ಮಪ್ಪನ ಹೊಲ ಹೀಗೇ ಇತ್ತು. ಒಂದು ಮಳೆ ಬಿದ್ದರೆ ಕಡಲೇಕಾಯಿ ಹಾಕಬಹುದು" ಎಂದು ನನ್ನ ಬಟ್ಟಲಿನಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. "ಎಷ್ಟು ಗಾಲಿ ಅದಕ್ಕೆ?"

"ಆರು."

"ಸೂರ್ಯನ ರಥಕ್ಕೆ ಒಂದೇ. ಇವತ್ತಿನವರೆಗೂ ಪಂಕ್ಚರ್ ಆಗಿಲ್ಲ. ಏಳು, ನೀರು ಕಾದಿದೆ."

ಬಚ್ಚಲಿನಲ್ಲಿ ತಲೆಯ ಮೇಲೊಂದು, ಭುಜಕ್ಕೆರಡು, ಮಂಡಿಗೆರಡು, ಪಾದಕ್ಕೆರಡು ಎಲೆ ಇಟ್ಟುಕೊಂಡು ನಿದ್ದೆಗಣ್ಣಿನಲ್ಲಿ ಮೊದಲ ಚೊಂಬು ಸುರಿದುಕೊಂಡೆ. ಏಳೂ ಜಾರಿ ಸೀದಾ ಮೋರಿಯ ಬಾಯಿಗೆ ಹೋಗಿ ಕೂತವು.

"ಎಲೆ ತಲೆ ಮೇಲೆ ನಿಂತಿದೆಯೇನೋ?" ಅಮ್ಮ ಹೊರಗಿನಿಂದ ಕೇಳಿದಳು.

"ಇಳೀತಮ್ಮ" ಎಂದೆ.