ಕಿಂಡಿ ಮೀಮಾಂಸೆ: ಗೇಮ್ ಡಬ್ಬಿಯನ್ನು ಕಂಪ್ಯೂಟರ್ ಮಾನಿಟರಿಗೆ ಕೂಡಿಸುವ ಶಾಸ್ತ್ರ

ವಿಷಯ ಪ್ರವೇಶ

ವಿಜಯನಗರ ಜಿಲ್ಲೆ ಕೂಡ್ಲಿಗಿ ತಾಲೂಕಿನ ಗುಡೇಕೋಟೆಗೆ ವಿದ್ವಾಂಸರು ಬರುವುದು ಮೂರು ಕಾರಣಕ್ಕೆ: ಪಾಳೇಗಾರರ ಕೋಟೆ ಅಳೆಯಲು, 2013ರಲ್ಲಿ ಘೋಷಣೆಯಾದ ಕರಡಿಧಾಮದಲ್ಲಿ ಕರಡಿ ಹುಡುಕಲು, ಒನಕೆ ಓಬವ್ವನ ತವರು ಇದೇ ಎಂಬ ಊರವರ ಮಾತನ್ನು ಬರೆದುಕೊಳ್ಳಲು. ನಾಲ್ಕನೆಯ ಕಾರಣವೊಂದಿದೆ. ಪಂಡಿತಲೋಕ ಅದನ್ನು ಇದುವರೆಗೆ ಕಡೆಗಣಿಸಿದೆ. ಓಬವ್ವನ ಕೀರ್ತಿ ನಿಂತಿರುವುದು ಒಂದು ಕಿಂಡಿಯ ಮೇಲೆ. ಚಿತ್ರದುರ್ಗದ ಕೋಟೆಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ ಆ ಕಿಂಡಿ, ಎಲ್ಲಿಂದ ಏನು ದಾಟಬಹುದು, ಏನು ದಾಟಬಾರದು ಎಂಬ ಪ್ರಶ್ನೆಯನ್ನು ನಾಡಿನ ಮುಂದಿಟ್ಟಿತು. ಅದೇ ಪ್ರಶ್ನೆ ಈಗ ಕಂಪ್ಯೂಟರ್ ಮಾನಿಟರಿನ ಬೆನ್ನಿನಲ್ಲಿ ಮರುಹುಟ್ಟು ಪಡೆದಿದೆ. ಆದಕಾರಣ ಕಿಂಡಿ ಮೀಮಾಂಸೆಗೆ ಗುಡೇಕೋಟೆಗಿಂತ ಯೋಗ್ಯವಾದ ಪೀಠ ಇನ್ನೊಂದಿಲ್ಲ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಸಮಸ್ಯೆಯ ಹುಟ್ಟು ತಾಂತ್ರಿಕವಲ್ಲ, ಕೌಟುಂಬಿಕ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಮೊಮ್ಮಗ ಹಬ್ಬಕ್ಕೆ ಬರುವಾಗ ಬ್ಯಾಗಿನಲ್ಲಿ ಪಿಎಸ್4 ಎಂಬ ಗೇಮ್ ಡಬ್ಬಿ ತರುತ್ತಾನೆ. ಮನೆಯ ಟಿವಿ ಸಂಜೆ 6ರಿಂದ 10ರವರೆಗೆ ಧಾರಾವಾಹಿಗಳ ಸುಪರ್ದಿನಲ್ಲಿರುತ್ತದೆ; ರಿಮೋಟು ಅಜ್ಜಿಯ ದಿಂಬಿನಡಿ ಸೇರಿರುತ್ತದೆ. ಉಳಿದದ್ದು ಅಟ್ಟದ ಮೇಲಿನ 17 ಇಂಚಿನ ಮಾನಿಟರು, ಎಂದೋ ಮುಚ್ಚಿದ ಡಿಟಿಪಿ ಅಂಗಡಿಯ ಪಿತ್ರಾರ್ಜಿತ. ನೋಡಿದರೆ ಟಿವಿ, ಮುಟ್ಟಿದರೆ ಅಲ್ಲ. ಅದ್ವೈತಿಗಳು ಇಂಥ ಭ್ರಮೆಯನ್ನು ಹಗ್ಗ-ಹಾವಿನ ಉದಾಹರಣೆ ಕೊಟ್ಟು ಬಿಡಿಸುತ್ತಾರೆ. ಮಾನಿಟರಿನ ಹಿಂದೆ ಹಗ್ಗಗಳಿಗೇನೂ ಕೊರತೆಯಿಲ್ಲ.

ಅಧಿಕಾರಿ ಲಕ್ಷಣ

ಶಾಸ್ತ್ರಗ್ರಂಥವೆಂದ ಮೇಲೆ ಓದಲು ಯಾರು ಅರ್ಹರೆಂದು ಮೊದಲೇ ಹೇಳಬೇಕು. ಮೇಜಿಗೂ ಗೋಡೆಗೂ ನಡುವೆ ತಲೆ ತೂರಿಸಬಲ್ಲವರು, ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡೇ ಮಾತಾಡಬಲ್ಲವರು, ಕೇಬಲ್ಲಿನ ಬಿಲ್ಲನ್ನು ಎಸೆಯದವರು ಅಧಿಕಾರಿಗಳು. ಉಳಿದವರು ಫಲಶ್ರುತಿ ಕೇಳಿಕೊಂಡು ಹೋಗಬಹುದು.

ಕಿಂಡಿಗಳ ವರ್ಗೀಕರಣ

ಮಾನಿಟರಿನ ಬೆನ್ನಿನಲ್ಲಿ ಸಿಗುವ ಕಿಂಡಿಗಳು ಮುಖ್ಯವಾಗಿ ನಾಲ್ಕು. ಹಿರಿಯದು ವಿಜಿಎ: ಸಾಮಾನ್ಯವಾಗಿ ನೀಲಿ ಬಣ್ಣ, ಮೂರು ಸಾಲಿನಲ್ಲಿ 15 ಪಿನ್ನು, ಎರಡೂ ಪಕ್ಕದಲ್ಲಿ ಸ್ಕ್ರೂ. ಇದು 1987ರಲ್ಲಿ ಐಬಿಎಂನ ಪಿಎಸ್/2 ಕಂಪ್ಯೂಟರಿನ ಜೊತೆ ಬಂತು. 2000ದಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿಯ ಪಿಎಸ್2 ಬೇರೆಯೇ ವಂಶ. ನಡುವಿನ ಒಂದು ಓರೆಗೆರೆಯನ್ನು ಮರೆತು ಇವೆರಡೂ ಒಂದೇ ಗೋತ್ರವೆಂದು ಸಾಧಿಸುವ ಸಂಶೋಧಕ ಮುಂದೆ ಹುಟ್ಟಿಯೇ ಹುಟ್ಟುತ್ತಾನೆ. ಅವನಿಗೆ ಈಗಲೇ ಪೂರ್ವಭಾವಿ ಖಂಡನೆ ಸಲ್ಲಿಸಲಾಗಿದೆ.

ಎರಡನೆಯದು 1999ರ ಡಿವಿಐ, ಹೆಚ್ಚಾಗಿ ಬಿಳಿ. ಮೂರನೆಯದು ಎಚ್‌ಡಿಎಂಐ: ಮೊದಲ ಆವೃತ್ತಿ 2002ರ ಡಿಸೆಂಬರಿನದು, 19 ಪಿನ್ನು, ಚಿತ್ರವನ್ನೂ ಧ್ವನಿಯನ್ನೂ ಒಂದೇ ತಂತಿಯಲ್ಲಿ ಸಾಗಿಸುವ ಸಾಮರ್ಥ್ಯ. ನಾಲ್ಕನೆಯದು 2006ರ ಡಿಸ್‌ಪ್ಲೇಪೋರ್ಟ್. ಗೇಮ್ ಡಬ್ಬಿಗಳು ಇದನ್ನು ತಮ್ಮ ಬೆನ್ನಿಗೆ ಸೇರಿಸಿಕೊಂಡಿಲ್ಲವಾದ್ದರಿಂದ ಈ ಶಾಸ್ತ್ರಕ್ಕೆ ಅದು ಹೊರಗು.

ಪಿಎಸ್4ರ ಬೆನ್ನಿನಲ್ಲಿ ಚಿತ್ರ ಹೊರಬರುವ ಬಾಗಿಲು ಎಚ್‌ಡಿಎಂಐ ಒಂದೇ. ಮಾನಿಟರಿನಲ್ಲೂ ಅದೇ ಇದ್ದರೆ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಡಿಟಿಪಿ ಕಾಲದ ಮಾನಿಟರಿನಲ್ಲಿ ಇರುವುದು ನೀಲಿ ಕಿಂಡಿ ಮಾತ್ರ. ಇಲ್ಲಿಂದ ಪಾಂಡಿತ್ಯಕ್ಕೆ ಅವಕಾಶ.

ಪೂರ್ವಪಕ್ಷ

ಈ ವಿಷಯದಲ್ಲಿ ಎರಡು ಪಂಥಗಳಿವೆ. ಆಕಾರವಾದಿಗಳ ಪ್ರಕಾರ ತುದಿ ಕಿಂಡಿಗೆ ಹಿಡಿಸಿದರೆ ಚಿತ್ರ ಬಂದೇ ಬರಬೇಕು. ಆದ್ದರಿಂದ ಅವರು ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದು ತುದಿಯಲ್ಲಿ ವಿಜಿಎ, ನಡುವೆ ಬರೀ ತಂತಿ ಇರುವ ಕೇಬಲನ್ನು ಅಗ್ಗಕ್ಕೆ ಕೊಂಡು ಗುಡೇಕೋಟೆಯ ಬಸ್ಸು ಹತ್ತುತ್ತಾರೆ. ಮನೆಗೆ ಬಂದು ಕೂಡಿಸಿದಾಗ ಏಳುವ ಪ್ರಶ್ನೆ ಒಂದೇ: "ಪಿನ್ನು ಗಟ್ಟಿ ಕುಂತೈತಲ್ಲೋ ತಮ್ಮಾ, ಮತ್ಯಾಕ ಏನೂ ಕಾಣವಲ್ದು?"

ಸಂಕೇತವಾದಿಗಳ ಉತ್ತರ ಹೀಗಿದೆ. ಎಚ್‌ಡಿಎಂಐಯಲ್ಲಿ ಹರಿಯುವುದು ಸೊನ್ನೆ-ಒಂದರ ಲೆಕ್ಕ. ವಿಜಿಎಯಲ್ಲಿ ಹರಿಯುವುದು ವೋಲ್ಟೇಜಿನ ಏರಿಳಿತ. ಒಂದನ್ನು ಇನ್ನೊಂದಾಗಿಸಲು ನಡುವೆ ಚಿಪ್ಪು ಬೇಕು, ಆ ಚಿಪ್ಪಿಗೆ ಕರೆಂಟು ಬೇಕು. ಇಂಥದ್ದಕ್ಕೆ ಅಂಗಡಿಯಲ್ಲಿ ಕನ್ವರ್ಟರ್ ಎನ್ನುತ್ತಾರೆ. ಬೆಂಕಿಪೊಟ್ಟಣದಷ್ಟು ಉಬ್ಬು, ಇಯರ್‌ಫೋನ್ ಚುಚ್ಚುವ ತೂತು, ಸಾಧ್ಯವಾದರೆ ಯುಎಸ್‌ಬಿ ಪವರ್: ಇವು ಸಲ್ಲಕ್ಷಣಗಳು. ಡಿವಿಐ ಇರುವ ಮಾನಿಟರಿಗೆ ಈ ಗೋಳಿಲ್ಲ. ಅದರ ಚಿತ್ರದ ಸಂಕೇತವೂ ಎಚ್‌ಡಿಎಂಐಯದೂ ಒಂದೇ ಬಗೆಯದಾದ್ದರಿಂದ ಸಾದಾ ಎಚ್‌ಡಿಎಂಐ-ಡಿವಿಐ ಕೇಬಲ್ಲೇ ಸಾಕು. ಆಕಾರವಾದಿಗಳು ಇದೊಂದು ಕಡೆ ಗೆದ್ದು, ಅದನ್ನೇ ಎಲ್ಲ ಕಡೆ ಉದಾಹರಿಸುತ್ತಾರೆ.

ಕಾವಲುಗಾರನ ಪ್ರಕರಣ

ಚಿತ್ರದುರ್ಗದ ಕಿಂಡಿಯ ಬಳಿಯ ಕಾವಲುಗಾರ ಮುದ್ದ ಹನುಮ ಊಟಕ್ಕೆಂದು ಮನೆಗೆ ಬಂದಾಗಲೇ ಶತ್ರು ನುಗ್ಗಿದ್ದು. ಎಚ್‌ಡಿಎಂಐ ಕಿಂಡಿಯ ಕಾವಲುಗಾರನ ಹೆಸರು ಎಚ್‌ಡಿಸಿಪಿ, ಇವನಿಗೆ ಹಸಿವಿಲ್ಲ. ಸಿನಿಮಾ ಕಳ್ಳನಕಲು ಆಗಬಾರದೆಂದು ಆಚೆ ತುದಿಯಲ್ಲಿರುವುದು ತನ್ನ ಗುರುತು ಬಲ್ಲ ಪರದೆಯೇ ಎಂದು ಕೇಳುತ್ತಾನೆ. ವಿಜಿಎ ಮಾನಿಟರಿಗೆ ಆ ಗುರುತು ಗೊತ್ತಿಲ್ಲ, ಕೆಲವು ಕನ್ವರ್ಟರುಗಳಿಗೂ ಗೊತ್ತಿಲ್ಲ. ಆಗ ಪರದೆ ಕಪ್ಪು.

ಪಿಎಸ್4ರಲ್ಲಿ ಇದಕ್ಕೆ 2014ರ ಒಂದು ಅಪ್‌ಡೇಟ್ ದಾರಿ ಮಾಡಿಕೊಟ್ಟಿತು. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಎಚ್‌ಡಿಸಿಪಿಯ ಟಿಕ್ ತೆಗೆದರೆ ಆಟದ ಚಿತ್ರ ಕಾವಲಿಲ್ಲದೆ ಹೊರಡುತ್ತದೆ. ಸಿನಿಮಾ ಆ್ಯಪ್‌ಗಳು ಮಾತ್ರ ನಡೆಯುವುದಿಲ್ಲ. ತೊಡಕು ಬೇರೆ ಕಡೆ ಇದೆ. ಟಿಕ್ ತೆಗೆಯಲು ಚಿತ್ರ ಕಾಣಬೇಕು, ಚಿತ್ರ ಕಾಣಲು ಟಿಕ್ ತೆಗೆಯಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಗೌತಮನ ನ್ಯಾಯಸೂತ್ರದಲ್ಲಿ ಸಿಗದ ಪರಿಹಾರ ಗುಡೇಕೋಟೆಯ ಪಡಸಾಲೆಯಲ್ಲಿ ಸಿಗುತ್ತದೆ: ಧಾರಾವಾಹಿಯ ನಡುವಿನ ಜಾಹೀರಾತಿನ ಬಿಡುವಿನಲ್ಲಿ ಡಬ್ಬಿಯನ್ನು ಟಿವಿಗೆ ಚುಚ್ಚಿ, ಟಿಕ್ ತೆಗೆದು, ಅಜ್ಜಿ ಕಣ್ಣು ಬಿಡುವಷ್ಟರಲ್ಲಿ ಕಿತ್ತುಕೊಳ್ಳುವುದು.

ಶಾಸನಪಾಠ

ಇಷ್ಟಾದರೂ ಪರದೆಯ ಮೇಲೆ ಮೂಡುವುದು ಹೆಚ್ಚಾಗಿ ಒಂದೇ ಶಾಸನ: "ನೋ ಸಿಗ್ನಲ್". ಲಿಪಿ ರೋಮನ್, ಶಿಲೆ ಕಪ್ಪು, ರಾಜನ ಹೆಸರಿಲ್ಲ, ದಾನದ ಪ್ರಸ್ತಾಪವಿಲ್ಲ, ಶಾಪಾಶಯವಂತೂ ಸ್ಪಷ್ಟ. ಹರಪನಹಳ್ಳಿ ಬಳಿಯ ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳು ನಿಂತಲ್ಲೇ ನಿಂತು ಓದುಗನಿಗೆ ಸಹಕರಿಸುತ್ತವೆ. ಇದೋ ಒಂದು ಮೂಲೆಯಿಂದ ಇನ್ನೊಂದಕ್ಕೆ ತೇಲುತ್ತ ಹೋಗುತ್ತದೆ, ಅಚ್ಚು ತೆಗೆಯಲು ಬಿಡುವುದಿಲ್ಲ.

ವ್ಯಾಖ್ಯಾನದ ವಿಚಾರದಲ್ಲಿ ಹಡಗಲಿ ತಾಲೂಕಿನ ಮೈಲಾರವೇ ಮಾದರಿ. ಅಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕದ ಒಂದು ಸಾಲು ನುಡಿದರೆ ರೈತರು ಮಳೆಯನ್ನೂ ರಾಜಕಾರಣಿಗಳು ಕುರ್ಚಿಯನ್ನೂ ಅದರಲ್ಲಿ ಕಾಣುತ್ತಾರೆ. ಇಲ್ಲಿ ಅಪ್ಪ ಕೇಬಲ್ ಡಬ್ಬಾ ಎಂದು ಓದುತ್ತಾನೆ, ಮೊಮ್ಮಗ ಮಾನಿಟರು ಸತ್ತಿದೆ ಎಂದು ಓದುತ್ತಾನೆ, ಅಜ್ಜಿ ಓದದೆಯೇ ತಿಳಿದುಕೊಂಡಿರುತ್ತಾಳೆ. ನಿಜಾರ್ಥ ತೀರ ಸಣ್ಣದು. ಎರಡು ಕಿಂಡಿಯ ಮಾನಿಟರು ಒಂದು ಕಿಂಡಿಯನ್ನೇ ನೋಡುತ್ತ ಕೂತಿರುತ್ತದೆ, ತಂತಿ ಇನ್ನೊಂದರಲ್ಲಿರುತ್ತದೆ. ಹರಪನಹಳ್ಳಿ ತಾಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರದ ಪಾಲಾಯಿತು. ಊರು ಒಂದಡಿಯೂ ಕದಲಲಿಲ್ಲ. ಈಗಲೂ ದಾವಣಗೆರೆಯ ಕಚೇರಿಗೆ ಅರ್ಜಿ ಹಾಕಿ ಕಾಯುವವನ ಪಾಡೇ ಈ ಮಾನಿಟರಿನದು. ಕೆಳಗಂಚಿನ "ಸೋರ್ಸ್" ಬಟನ್ ಒತ್ತಿದರೆ ಅರ್ಜಿ ಸರಿಯಾದ ಕಚೇರಿಗೆ ವರ್ಗವಾಗುತ್ತದೆ.

ಎರಡನೆಯ ಶಾಸನ "ಔಟ್ ಆಫ್ ರೇಂಜ್". ಸಿಗ್ನಲ್ ಬಂದಿದೆ, ಮಾನಿಟರಿಗೆ ಅದು ಜೀರ್ಣವಾಗುತ್ತಿಲ್ಲ ಎಂದರ್ಥ. ಪಿಎಸ್4 ಆದರೆ ಅದನ್ನು ಪೂರ್ತಿ ಆರಿಸಿ, ಪವರ್ ಬಟನ್ನನ್ನು ಸುಮಾರು 7 ಸೆಕೆಂಡು, ಎರಡನೆಯ ಬೀಪ್ ಕೇಳುವವರೆಗೆ ಒತ್ತಿ ಹಿಡಿದು ಸೇಫ್ ಮೋಡ್‌ಗೆ ಹೋಗಿ ರೆಸಲ್ಯೂಷನ್ ಇಳಿಸಬೇಕು. ಕಂಟ್ರೋಲರನ್ನು ಆಗ ಯುಎಸ್‌ಬಿ ತಂತಿಯಲ್ಲೇ ಕೂಡಿಸಿರಬೇಕು. ಪಿಎಸ್2ರ ಕಥೆ ಬೇರೆ. ಅದರ ಹಳದಿ ಪಿನ್ನು ಹೊರಡಿಸುವುದು ಟಿವಿಗೆ ತಕ್ಕ ಸಂಕೇತ: ನಮ್ಮ 625 ಗೆರೆಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 15,625 ಗೆರೆ. ವಿಜಿಎ ಮಾನಿಟರು ಬಯಸುವುದು ಕನಿಷ್ಠ 31,000ದ ಆಚೆಗಿನ ಲೆಕ್ಕ. ಈ ಕಂದಕವನ್ನು ದಾಟಿಸಲು ಎವಿ-ವಿಜಿಎ ಬಾಕ್ಸ್ ಬೇಕು. ಮಾನಿಟರಿನಲ್ಲಿ ಎಚ್‌ಡಿಎಂಐ ಇದ್ದರೆ ಪಿಎಸ್2ಕ್ಕೆಂದೇ ಸಿಗುವ ಪುಟ್ಟ ಅಡಾಪ್ಟರು ಸಾಕು. ಬಣ್ಣ ಕೆಟ್ಟು ಬಂದರೆ ಪಿಎಸ್2ರ ಕಾಂಪೊನೆಂಟ್ ವಿಡಿಯೋ ಸೆಟ್ಟಿಂಗನ್ನು ಆರ್‌ಜಿಬಿಯಿಂದ ಬದಲಿಸಬೇಕು. ಈ ಎಲ್ಲ ಸಾಹಸದ ಫಲವಾಗಿ 2009ರಲ್ಲಿ ಭಾರತದಲ್ಲೇ ತಯಾರಾದ "ದೇಸಿ ಅಡ್ಡಾ" ಎಂಬ ಪಿಎಸ್2 ಗೇಮಿನಲ್ಲಿ ಕಬಡ್ಡಿ ಆಡಬಹುದು. ಊರ ಬಯಲಿನಲ್ಲಿ ಅದೇ ಕಬಡ್ಡಿ ಯಾವ ಕೇಬಲ್ಲೂ ಇಲ್ಲದೆ ನಡೆಯುತ್ತದೆಂಬ ಆಕ್ಷೇಪ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಶಬ್ದ ವಿಚಾರ, ರೂಪ ವಿಚಾರ

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಒಪ್ಪುತ್ತಾರೆ. ಮಾನಿಟರು ಮೂರಕ್ಕೇ ನಿಲ್ಲುತ್ತದೆ. ಅದರ ಹೊಟ್ಟೆಯಲ್ಲಿ ಬಹುಮಟ್ಟಿಗೆ ಸ್ಪೀಕರೇ ಇರುವುದಿಲ್ಲ, ವಿಜಿಎ ಧ್ವನಿಯನ್ನು ಒಯ್ಯುವುದೂ ಇಲ್ಲ. ಪಿಎಸ್4 ಕಂಟ್ರೋಲರಿನ ಕೆಳಗೆ ಇಯರ್‌ಫೋನ್ ತೂತಿದೆ; ಸೆಟ್ಟಿಂಗ್ಸ್‌ನಲ್ಲಿ "ಆಲ್ ಆಡಿಯೋ" ಆರಿಸದಿದ್ದರೆ ಅದರಲ್ಲಿ ಹರಟೆ ಬಿಟ್ಟು ಬೇರೇನೂ ಕೇಳುವುದಿಲ್ಲ. ಇಯರ್‌ಫೋನ್ ಬೇಡವೆಂದರೆ ಕನ್ವರ್ಟರಿನ ತೂತಿನಿಂದ ಹೋಮ್ ಥಿಯೇಟರಿಗೆ ತಂತಿ ಎಳೆಯಬಹುದು. ಆದರೆ ರಾತ್ರಿ ಹೊತ್ತು ಓಡಾಡುವ ಕರಡಿಗಳ ನೆಮ್ಮದಿಯೂ ಗಣನೀಯ.

17 ಇಂಚಿನ ಹಳೆಯ ಎಲ್‌ಸಿಡಿಗಳ ಅಳತೆ ಸಾಮಾನ್ಯವಾಗಿ 1280x1024, ಅಂದರೆ 5:4. ಪಿಎಸ್4ರ ಚಿತ್ರ 16:9. ಅಗಲದ ಚಿತ್ರವನ್ನು ಚೌಕದ ಪರದೆಗೆ ಒತ್ತಿ ತುಂಬಿದಾಗ ಕ್ರಿಕೆಟ್ ಗೇಮಿನ ಫೀಲ್ಡರುಗಳೆಲ್ಲ ಉಪವಾಸದ ಮಠಕ್ಕೆ ಸೇರಿದವರಂತಾಗಿ, ಚೆಂಡು ನಿಂತ ಮೊಟ್ಟೆಯಾಗುತ್ತದೆ. ಮಾನಿಟರಿನ ಮೆನುವಿನಲ್ಲಿ ಆಸ್ಪೆಕ್ಟ್ ಎಂಬ ಆಯ್ಕೆ ಇದ್ದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಚೆಂಡು ದುಂಡಗಾಗುತ್ತದೆ. ಇಲ್ಲದಿದ್ದರೆ ಬ್ಯಾಟ್ಸ್‌ಮನ್ನನೇ ಹೊಂದಿಕೊಳ್ಳಬೇಕು.

ಮಾನಿಟರಿನ ಪರವಾಗಿ ಒಂದು ಮಾತು. ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವುದರಲ್ಲಿ ಹೊತ್ತು ಕಳೆಯುತ್ತದೆ, ಗೇಮ್ ಮೋಡ್ ಹಾಕದಿದ್ದರೆ ಒತ್ತಿದ ಬಟನ್ನಿಗೂ ಬೀಸಿದ ಬ್ಯಾಟಿಗೂ ಅಂತರ ಕಾಣುತ್ತದೆ. ಮಾನಿಟರಿಗೆ ಅಂಥ ಅಲಂಕಾರದ ಚಟ ಕಡಿಮೆ. ಈ ದೃಷ್ಟಿಯಿಂದ ಟಿವಿ ಬಿಟ್ಟುಕೊಡದ ಅಜ್ಜಿ ಮೊಮ್ಮಗನ ಬ್ಯಾಟಿಂಗಿಗೆ ಮಾಡಿದ ಉಪಕಾರವನ್ನು ವಿದ್ವತ್ ವಲಯ ಇನ್ನಾದರೂ ದಾಖಲಿಸಬೇಕು.

ಸಿದ್ಧಾಂತ

ಹೀಗೆ ಉಭಯ ಪಂಥಗಳನ್ನು ಕೇಳಿದ ಮೇಲೆ ಬರುವ ತೀರ್ಪು: ಎಚ್‌ಡಿಎಂಐ ಇದ್ದರೆ ನೇರ ಕೂಡಿಸುವುದು, ಡಿವಿಐ ಇದ್ದರೆ ಕೇಬಲ್ ಒಂದು, ಧ್ವನಿಗೆ ಬೇರೆ ದಾರಿ, ವಿಜಿಎ ಒಂದೇ ಇದ್ದರೆ ಚಿಪ್ಪುಳ್ಳ ಕನ್ವರ್ಟರು, 720ಪಿ ಚಿತ್ರ, ಎಚ್‌ಡಿಸಿಪಿಗೆ ರಜೆ. ಹೊಸದಾಗಿ 1440ಪಿ ಮಾನಿಟರು ಕೊಳ್ಳುವವರಿಗೆ ಸೂಚನೆ: ಪಿಎಸ್5 ಆ ಅಳತೆಯನ್ನು ಒಪ್ಪಿಕೊಂಡದ್ದು 2022ರ ಸೆಪ್ಟೆಂಬರಿನ ಅಪ್‌ಡೇಟಿನಿಂದ, ಆದ್ದರಿಂದ ಡಬ್ಬಿಯನ್ನು ಮೊದಲು ಅಪ್‌ಡೇಟ್ ಮಾಡಿರಬೇಕು. ಕರೆಂಟು ಕೈಕೊಡುವ ಊರಿನಲ್ಲಿ ಡಿಟಿಪಿ ಅಂಗಡಿಯ ಹಳೆಯ ಯುಪಿಎಸ್‌ಗೂ ಒಂದು ಹೊಸ ಬ್ಯಾಟರಿ ಹಾಕಿಸುವುದು ಒಳ್ಳೆಯದು. ಆಟವನ್ನು ಸೇವ್ ಮಾಡಿ ಆರಿಸುವಷ್ಟು ಹೊತ್ತು ಅದು ಕೊಡುತ್ತದೆ.

ಪರಿಶಿಷ್ಟ

1990ರ ದಶಕದಲ್ಲಿ ಟಿವಿ ಗೇಮ್ ಎಂಬ ಹೆಸರಿನಲ್ಲಿ ಮನೆ ಸೇರಿದ, 1983ರ ಜಪಾನಿ ಫ್ಯಾಮಿಕಾಮ್‌ನ ನಕಲು ಡಬ್ಬಿಗಳ ಜೊತೆ ಬಾತುಕೋಳಿ ಹೊಡೆಯುವ ಪ್ಲಾಸ್ಟಿಕ್ ಗನ್ ಬರುತ್ತಿತ್ತು. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಹಕ್ಕಿಯಿದ್ದ ಜಾಗ ಮಾತ್ರ ಬೆಳ್ಳಗೆ ಮಿನುಗುತ್ತದೆ. ಆ ಬೆಳಕು ಬೀಳುವ ವೇಳೆಯನ್ನು ಗನ್ನಿನೊಳಗಿನ ಕಣ್ಣು ನೋಡುತ್ತದೆ. ಈ ಲೆಕ್ಕ ಕೂಡುವುದು ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಮಾತ್ರ. ಎಲ್‌ಸಿಡಿ ಮಾನಿಟರಿಗೆ ಯಾವ ಕನ್ವರ್ಟರು ಹಾಕಿದರೂ ಆ ಬಾತುಕೋಳಿಗಳು ಬೀಳುವುದಿಲ್ಲ. ಅಂಥ ಗನ್ ಇನ್ನೂ ಇಟ್ಟುಕೊಂಡಿರುವ ಮನೆಯವರು ಅಟ್ಟದ ಮೇಲಿನ ದಪ್ಪ ಟಿವಿಯನ್ನು ಗುಜರಿಯವನಿಗೆ ಕೊಡಬಾರದಾಗಿ ವಿನಂತಿ.