ತ್ರಿಗಣಕ ವಿಳಾಸೈಕ್ಯ ವಿಚಾರ

ಮಂಡ್ಯದಲ್ಲಿ ದೊಡ್ಡಪ್ಪನ ಮನೆ, ಮದ್ದೂರಿನಲ್ಲಿ ಅತ್ತೆಯ ಮನೆ, ಮಳವಳ್ಳಿಯಲ್ಲಿ ಚಿಕ್ಕಪ್ಪನ ಮನೆ. ಮನೆಗೊಂದರಂತೆ ಮೂರು ಕಂಪ್ಯೂಟರು, ಮೂರೂ ಮನೆಗೆ ಸೇರಿ ಒಂದೇ ಮದುವೆ. ಈ ಯಂತ್ರಗಳಲ್ಲಿ ಚದುರಿಹೋಗಿರುವ ಹೆಸರು, ವಿಳಾಸ, ಫೋನ್ ನಂಬರುಗಳನ್ನು ತಾಳೆ ಹಾಕಿ, ಲಗ್ನಪತ್ರಿಕೆ ಹಂಚಲಿಕ್ಕೂ ಬೀಗರೂಟದ ಎಲೆ ಲೆಕ್ಕಕ್ಕೂ ಆಗುವಂಥ ಒಂದೇ ಪಟ್ಟಿಯನ್ನು ತೆಗೆಯಬಹುದೇ ಎಂಬುದು ಪ್ರಕೃತ ಜಿಜ್ಞಾಸೆ. ತೆಗೆಯಬಹುದೆಂಬುದು ಪೂರ್ವಪಕ್ಷ. ಪೂರ್ವಪಕ್ಷಿಯು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮದುವೆಗಂಡು. 'ಸಿಂಕ್ ಮಾಡ್ಬುಟ್ರೆ ಆಯ್ತು ಬುಡಿ ದೊಡ್ಡಪ್ಪ, ಐದ್ ನಿಮ್ಸದ ಕೆಲ್ಸ' ಎಂಬುದು ಆತನ ಮೂಲಸೂತ್ರ. ಸಿದ್ಧಾಂತಿ ದೊಡ್ಡಪ್ಪನೇ. ಇವರು ಮರುಮಾತಾಡದೆ ಎಲೆಯಡಿಕೆ ಹಾಕಿಕೊಂಡದ್ದನ್ನು ಖಂಡನೆಯ ಪ್ರಥಮ ಸೋಪಾನವೆಂದು ಗ್ರಹಿಸತಕ್ಕದ್ದು.

ಪೂರ್ವಪಕ್ಷಿಯ ಆಧಾರಗ್ರಂಥಗಳು ಎರಡು, ಎರಡೂ 2011ರ ಆಗಸ್ಟಿನಲ್ಲಿ ಹೊರಬಂದವು. ಆರ್‌ಎಫ್‌ಸಿ 6350, ಅಂದರೆ ವಿ-ಕಾರ್ಡಿನ ನಾಲ್ಕನೆಯ ಆವೃತ್ತಿ, ಒಬ್ಬ ಮನುಷ್ಯನನ್ನು ಫೈಲಿನಲ್ಲಿ ಹೇಗೆ ಬರೆದಿಡಬೇಕೆಂದು ವಿಧಿಸುತ್ತದೆ. 6352, ಅಂದರೆ ಕಾರ್ಡ್‌ಡ್ಯಾವ್, ಹಾಗೆ ಬರೆದಿಟ್ಟವರನ್ನು ಒಂದು ಸರ್ವರಿನಲ್ಲಿ ಕೂರಿಸಿ, ಹಲವು ಯಂತ್ರಗಳು ಜಗಳವಿಲ್ಲದೆ ಹಂಚಿಕೊಳ್ಳುವ ಕ್ರಮವನ್ನು ಹೇಳುತ್ತದೆ. (ನಡುವಿನ 6351 ಎಕ್ಸ್‌ಎಂಎಲ್ ಪ್ರಿಯರಿಗೆ ಸಂಬಂಧಿಸಿದ್ದು. ಅವರನ್ನು ಅವರ ಪಾಡಿಗೆ ಬಿಡೋಣ.)

ಮೊದಲನೆಯ ಗ್ರಂಥದಲ್ಲಿ ನಂಟಿನ ಬಗೆಗಳನ್ನು 20 ಎಂದು ಎಣಿಸಿದ್ದಾರೆ. ಗೆಳೆಯ, ನೆರೆಯವ, ಸಹೋದ್ಯೋಗಿ ಎಲ್ಲರೂ ಇದ್ದಾರೆ. ಪ್ರೇಮವೊಂದಕ್ಕೇ ನಾಲ್ಕು ಖಾನೆ: ಮನದನ್ನೆ ಒಂದರಲ್ಲಿ, ಜೊತೆಯಲ್ಲಿ ಸುತ್ತಾಡುವವರು ಇನ್ನೊಂದರಲ್ಲಿ, ಒಳಗೊಳಗೇ ಮನಸೋತದ್ದು ಮತ್ತೊಂದರಲ್ಲಿ, ಕವಿತೆ ಬರೆಸುವವರು ಪ್ರತ್ಯೇಕ. ಆದರೆ ಬೀಗರಿಲ್ಲ. ಷಡ್ಡಕನಿಲ್ಲ, ಓರಗಿತ್ತಿಯಿಲ್ಲ. ಹೆಣ್ಣನ್ನು ಹಸೆಮಣೆಗೆ ಕರೆತರುವ ಸೋದರಮಾವನೂ ಇಲ್ಲ. ಇವರೆಲ್ಲ 'ನೆಂಟರು' ಎಂಬ ಒಂದೇ ಕೊಠಡಿಯಲ್ಲಿ ಒತ್ತೊತ್ತಾಗಿ ಮಲಗಬೇಕು. ಮದುವೆಗೆ ಮುಂಚಿನ ಸಂಗತಿಗಳಲ್ಲಿ ಇಷ್ಟು ಪರಿಣತಿಯಿದ್ದು, ಮದುವೆಯ ವಿಷಯದಲ್ಲಿ ಇಷ್ಟು ಅಜ್ಞಾನವಿರುವ ಶಾಸ್ತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೆಸರಿನ ಪ್ರಕರಣವೂ ಹೀಗೆಯೇ. ಅಲ್ಲಿ ಮನೆತನದ ಹೆಸರಿಗೆ ಬೇರೆ ಸ್ಥಾನ ಉಂಟು. ಯಂತ್ರವು 'ಗೌಡ'ವನ್ನೇ ಮನೆತನವೆಂದು ಬಗೆದು ಅಕಾರಾದಿಯಾಗಿ ಜೋಡಿಸಿದ್ದರಿಂದ ಪಟ್ಟಿಯ ಬಹುಭಾಗ 'ಗ' ಅಕ್ಷರದ ಕೆಳಗೆ ಬಂದು ಬಿತ್ತು. ಇನಿಷಿಯಲ್ಲಿನೊಳಗೆ ಅಪ್ಪನೂ ಊರೂ ಅಡಗಿ ಕುಳಿತಿರುವುದು ಅದಕ್ಕೆ ಹೊಳೆಯಲಿಲ್ಲ.

ಇನ್ನು ತಿರುಳು. ನಂಬರು ಒಂದೇ. ಮಂಡ್ಯದ ಯಂತ್ರದಲ್ಲಿ ಅದರ ಒಡೆಯ 'ಜಲ್ಲಿ ರಾಮಣ್ಣ'. ದೊಡ್ಡಪ್ಪ ಮಹಡಿ ಕಟ್ಟಿಸಿದಾಗ ಜಲ್ಲಿ ಹೊಡೆಸಿದವನು ಅವನು. ಮದ್ದೂರಿನಲ್ಲಿ 'ರಾಮಣ್ಣ ಭಾವ'. ಅತ್ತೆಯ ಗಂಡನ ಕಡೆಯಿಂದ ಹಾಗಾಗಬೇಕು. ಮಳವಳ್ಳಿಯಲ್ಲಿ 'ಎತ್ಬ್ಯಾಡ'. ಚಿಕ್ಕಪ್ಪ ಅವನಿಗೆ ಕಾಸು ಕೊಡಬೇಕಿದೆ. ಮೂರು ಕಡೆ ಮೂರು ಬರಹವಿದ್ದರೆ ಕೊನೆಗೆ ತಿದ್ದಿದವನದೇ ಊರ್ಜಿತ ಎಂಬ ನಿಯಮವನ್ನು ಬಹಳಷ್ಟು ಸಿಂಕ್ ತಂತ್ರಾಂಶಗಳು ಪಾಲಿಸುತ್ತವೆ. ಕೊನೆಗೆ ತಿದ್ದಿದ್ದು ಚಿಕ್ಕಪ್ಪ, ಮೊನ್ನೆ ತಾನೇ. ಇಲ್ಲಿ ಸಿದ್ಧಾಂತಿ ಬಾಯಿ ಬಿಟ್ಟರು: 'ನಮ್ಮನೇಲಿ ಕಡೇಲಿ ಮಾತಾಡ್ದೋನ್ದು ನಡ್ಯಕಿಲ್ಲ ಕಣ್ಲಾ, ಮೊದ್ಲು ಹುಟ್ಟಿದೋನ್ದು ನಡೀತದೆ.' ಮೂರು ಮನೆ ಇಷ್ಟು ಕಾಲ ಹೊಂದಿಕೊಂಡು ಬಂದಿರುವುದೇ ಯಾರು ಯಾರನ್ನು ಏನೆಂದು ಬರೆದಿಟ್ಟಿದ್ದಾರೆ ಎಂಬುದು ಮಿಕ್ಕಿಬ್ಬರಿಗೆ ಗೊತ್ತಿಲ್ಲದ್ದರಿಂದ ಎಂಬ ಸೂಕ್ಷ್ಮವನ್ನು ಎರಡೂ ಗ್ರಂಥಗಳು ಕಡೆಗಣಿಸಿವೆ.

ಹೆಸರು ಕೈಕೊಟ್ಟರೇನು, ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟರಾಯಿತು ಎಂದು ಪೂರ್ವಪಕ್ಷಿ. ಈ ಪ್ರಯೋಗ ನಮ್ಮ ಸೀಮೆಗೆ ಹೊಸದಲ್ಲ. 1894ರಲ್ಲಿ ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟದಲ್ಲಿ ಇಲ್ಲಿಯ ಶಾಸನದ ಕಲ್ಲುಗಳಿಗೆಲ್ಲ ತಾಲೂಕಿನ ಹೆಸರು ಸೇರಿಸಿ ನಂಬರು ಹಾಕಿದರು. ಆಗ ಇದು ಮೈಸೂರು ಜಿಲ್ಲೆ. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಆವೃತ್ತಿ ತಂದಾಗ ಅವೇ ಕಲ್ಲುಗಳಿಗೆ ಬೇರೆ ಸಂಪುಟ, ಬೇರೆ ನಂಬರು. ಇಂದಿಗೂ ಸಂಶೋಧಕರು ಹಳೆಯದೋ ಹೊಸದೋ ಎಂದು ಕೇಳಿಕೊಂಡೇ ಮುಂದುವರಿಯುತ್ತಾರೆ. ಇದರ ಮೇಲೆ ಮಳವಳ್ಳಿಗಳು ಎರಡು. ಶಾತಕರ್ಣಿಯ ಪ್ರಾಕೃತ ಕಂಬಶಾಸನವಿರುವ ಮಳವಳ್ಳಿ ಶಿಕಾರಿಪುರ ತಾಲೂಕಿನದು. ಹೆಸರು ನೋಡಿ ಒಗ್ಗೂಡಿಸುವ ಯಂತ್ರದ ಕೈಗೆ ಸಿಕ್ಕಿದ್ದರೆ ಚಿಕ್ಕಪ್ಪನ ಪಕ್ಕದ ಮನೆಗೆ ಶಾತಕರ್ಣಿ ಬಾಡಿಗೆಗೆ ಬರುತ್ತಿದ್ದ.

ಅಳಿಸುವ ವಿಚಾರದಲ್ಲಿ ಮದ್ದೂರು ತಾಲೂಕು ಜಗತ್ತಿಗೆ ಪಾಠ ಹೇಳಬಲ್ಲದು. ಒಂದು ಯಂತ್ರದಲ್ಲಿ ಹೆಸರು ಅಳಿಸಿ ಸುಮ್ಮನಾದರೆ, ಆಫ್ ಆಗಿದ್ದ ಇನ್ನೊಂದು ಯಂತ್ರ ಎದ್ದಾಗ ಅದನ್ನೇ ಹೊಸ ಹೆಸರೆಂದು ತಿಳಿದು ಮೂರೂ ಕಡೆ ಮತ್ತೆ ಬಿತ್ತುತ್ತದೆ. ಆದ್ದರಿಂದ ಅಳಿಸಿದ ಜಾಗದಲ್ಲಿ 'ಇವನು ಹೋದ' ಎಂಬ ಗುರುತು ನೆಡಬೇಕು. ಎಂಜಿನಿಯರುಗಳು ಅದಕ್ಕೆ ಗೋರಿಕಲ್ಲು ಎನ್ನುತ್ತಾರೆ. ಈ ತಾಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರಲ್ಲೇ ಇಂಥದನ್ನು ನೆಟ್ಟಿದ್ದರು, ಅದೂ ಒಂದು ನಾಯಿಗೆ. ಗಂಗರ ಬೂತುಗನಿಂದ ಮಣಲರ ಬಯಸಿ ಪಡೆದ ಬೇಟೆನಾಯಿ ಕಾಳಿ. ಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂದೂ ಕೆತ್ತಿಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸತ್ತದ್ದು ಸತ್ತಂತೆಯೇ ಉಳಿಯಬೇಕಾದರೆ ಇಷ್ಟು ಬಂದೋಬಸ್ತು ಬೇಕು. ಅತ್ತೆ ಇದಾವುದನ್ನೂ ಮಾಡದೆ, ಜಮೀನು ಭಾಗದ ಜಗಳದ ಮೇಲೆ ಒಂದು ಮನೆಯವರನ್ನು ಬರಿದೇ ಡಿಲೀಟ್ ಮಾಡಿದ್ದರು. ಯುಪಿಎಸ್ ಕೆಟ್ಟು ಮಲಗಿದ್ದ ಮಳವಳ್ಳಿಯ ಕಂಪ್ಯೂಟರು ರಿಪೇರಿಯಾಗಿ ಎದ್ದ ದಿನವೇ ಆ ಮನೆಯವರೆಲ್ಲ ಮಕ್ಕಳುಮರಿಸಮೇತ ಮದ್ದೂರಿಗೆ ವಾಪಸಾದರು.

ಇಷ್ಟಾದ ಮೇಲೆ ಸಿದ್ಧಾಂತಿ ಟ್ರಂಕಿನಿಂದ ಹಿಂದಿನ ಮದುವೆಯ ಮುಯ್ಯಿ ಪುಸ್ತಕ ತೆಗೆದರು. ಊರು, ಹೆಸರು, ಇಂಥವರ ಮಗ, ಮೊತ್ತ: ಸಾಲಿಗೊಬ್ಬರು. ಇದರಲ್ಲಿ ಯಾರೂ ಯಾರನ್ನೂ ಅಳಿಸುವಂತಿಲ್ಲ, ತಿದ್ದುವಂತಿಲ್ಲ, ಕೆಳಗೆ ಸೇರಿಸಬಹುದು ಅಷ್ಟೆ. ಮುಯ್ಯಿ ಹಾಕಿದವನಿಗೆ ಪತ್ರಿಕೆ ಹೋಗಲೇಬೇಕು, ಜಗಳವಿರಲಿ ಬಿಡಲಿ. ಪೂರ್ವಪಕ್ಷಿ ಪುಟ ತಿರುಗಿಸಿ ನೋಡಿ, ಬ್ಯಾಂಕುಗಳ ಡೇಟಾಬೇಸೂ ಹೀಗೇ ಲಾಗ್ ಇಡುತ್ತದೆ ಎಂದು ಒಪ್ಪಿಕೊಂಡ. ಆದರೆ ಅಷ್ಟರಲ್ಲಿ ಸಿಂಕ್ ಆದ ಪಟ್ಟಿಯಿಂದ ಕವರಿನ ಲೇಬಲ್ಲುಗಳು ಪ್ರಿಂಟಾಗಿ ಅಂಚೆಗೂ ಬಿದ್ದಿದ್ದವು.

ಬೀಗರೂಟದ ದಿನ ಮುಯ್ಯಿ ಬರೆಯಲು ಕುಳಿತವನು ಹುಡುಗಿಯ ಕಡೆಯವನು, ಯಾರ ಪರಿಚಯವೂ ಇಲ್ಲ. ಜಲ್ಲಿಯ ಗುತ್ತಿಗೆದಾರ ಹೆಸರು ಹೇಳುವ ಗೋಜಿಗೆ ಹೋಗದೆ ಹಣವಿಟ್ಟ ಕವರನ್ನೇ ಮುಂದಕ್ಕೆ ತಳ್ಳಿದ. ಲಗ್ನಪತ್ರಿಕೆ ಬಂದಿದ್ದ ಕವರು ಅದು. ಬರೆಯುವವನು ಲೇಬಲ್ ನೋಡಿಕೊಂಡು ಗುಂಡಗೆ ನಕಲು ಮಾಡಿದ: ಮಂಡ್ಯ, ಶ್ರೀ ಎತ್ಬ್ಯಾಡ ಅವರು, 501.